ಎರೆ ರಾಡಿಯಲ್ಲಿ ಕೂತು ಬೆಳಗಿನ ತನಕ ಹಾಡು ಕೇಳುವುದು ಹೇಗೆ

ಜಾತ್ರೆಗಳನ್ನು ಬಿಟ್ಟರೆ, ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆ ಬಯಲಲ್ಲಿ ಕೂತು ಹಾಡು ಕೇಳುವ ಕಾಲ ಅಂದರೆ ಮಳೆಗಾಲವೇ. ಶ್ರಾವಣ ಬಂತೆಂದರೆ ಊರೂರಲ್ಲಿ ಭಜನೆ. ಅದರ ಬೆನ್ನಿಗೆ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ, ಆಮೇಲೆ ದಸರೆ. ಮೊಹರಂ ಮತ್ತು ಕಲಬುರಗಿಯ ಬಂದೇನವಾಜರ ಉರುಸು ಚಂದ್ರನ ಲೆಕ್ಕದವು. ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಹಾಗಾಗಿ ಈಗಿನ ವರ್ಷಗಳಲ್ಲಿ ಉರುಸಿನ ಕವ್ವಾಲಿ ಮೇ ತಿಂಗಳ ಗುಡುಗು ಗಾಳಿಗೆ ಸಿಕ್ಕರೆ, ಮೊಹರಂನ ರಿವಾಯತ್ ಪದಗಳು ಮುಂಗಾರಿನ ಮೊದಲ ಮಳೆಗಳಿಗೆ ಸಿಗುತ್ತಿವೆ.

ಕಲಬುರಗಿಯಲ್ಲಿ ವರ್ಷದಲ್ಲೇ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ರೈತರ ಲೆಕ್ಕಕ್ಕೆ ಅದು ಹುಬ್ಬಾ, ಉತ್ತರಾ ಮಳೆಗಳ ಹೊತ್ತು. ಅಂದರೆ ಹಾಡಿನ ತಿಂಗಳು, ಮಳೆಯ ತಿಂಗಳು ಎರಡೂ ಒಂದೇ. ತಪ್ಪಿಸಿಕೊಳ್ಳಲು ಆಗುವುದಿಲ್ಲ, ತಯಾರಾಗಿ ಹೋಗಬೇಕು ಅಷ್ಟೆ.

ತಯಾರಿ ಅಂದ ಕೂಡಲೇ ಎಲ್ಲರೂ ಛತ್ರಿ ಹುಡುಕುತ್ತಾರೆ. ನನ್ನ ಮಾತು ಕೇಳಿ, ಛತ್ರಿಯನ್ನು ಮನೆಯಲ್ಲೇ ಬಿಡಿ. ಈ ಮೂರು ಜಿಲ್ಲೆಗಳಲ್ಲಿ ಕಾಟ ಕೊಡುವುದು ಮೇಲಿನ ನೀರಲ್ಲ, ಕೆಳಗಿನ ಮಣ್ಣು. ಮಳೆ ಒಂದು ತಾಸು ಹೊಡೆದು ಹೋಗುತ್ತದೆ. ಅದು ಮಾಡಿಟ್ಟ ರಾಡಿ ಮೂರು ದಿನ ಇರುತ್ತದೆ.

ಮೊದಲು ನೆಲ ಎಂಥದು ಅಂತ ವಿಚಾರಿಸಿ

ಕಾರ್ಯಕ್ರಮ ಎಲ್ಲಿ ಅಂತ ಗೊತ್ತಾದ ಮೇಲೆ ಕೇಳಬೇಕಾದ ಎರಡನೇ ಪ್ರಶ್ನೆ: ನೆಲ ಎರೆಯೋ (ಕರಿ ಮಣ್ಣು), ಮಸಾರಿಯೋ (ಕೆಂಪು ಮಣ್ಣು), ಫರಸಿ (ಚಪ್ಪಡಿ ಕಲ್ಲು) ಹಾಸಿದ್ದಾರೋ?

ಕಲಬುರಗಿ ಜಿಲ್ಲೆಯ ಬಹುಪಾಲು ಎರೆ ಭೂಮಿ. ದಖ್ಖನ್ನಿನ ಕರಿಕಲ್ಲು ಸವೆದು ಆದ ಜೇಡಿ ಮಣ್ಣು ಇದು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೀರು ಕುಡಿದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಕೆಳಗೆ ಇಳಿಯುವುದೇ ಇಲ್ಲ, ಮೇಲೆಯೇ ನಿಲ್ಲುತ್ತದೆ. ತೊಗರಿಗೆ ಈ ಮಣ್ಣು ಬಂಗಾರ. ಹಾಡು ಕೇಳಲು ಬಂದವರಿಗೆ ಮಾತ್ರ ಅಲ್ಲ.

ಎರೆಗೆ ಎರಡು ಸ್ವಭಾವ ಇದೆ. ಮಳೆ ಸುರಿಯುತ್ತಿರುವಾಗ ಜಾರುತ್ತದೆ. ಮಳೆ ನಿಂತು ಎರಡು ಮೂರು ತಾಸು ಆದ ಮೇಲೆ ಮೆತ್ತುತ್ತದೆ. ಎರಡನೆಯದೇ ಕೆಟ್ಟದ್ದು. ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಒಂದೊಂದು ಪದರ ಮಣ್ಣು ಅಂಟಿ, ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಲು ಎತ್ತಲಿಕ್ಕೆ ಬರುವುದಿಲ್ಲ. ಸಂಜೆ ಐದಕ್ಕೆ ಮಳೆ ನಿಂತಿತು, ಏಳಕ್ಕೆ ಆರಾಮಾಗಿ ಹೋಗೋಣ ಅನ್ನುವವರು ಸರಿಯಾಗಿ ಮೆತ್ತುವ ಹೊತ್ತಿಗೆ ಹೋಗಿ ಸಿಕ್ಕಿಬೀಳುತ್ತಾರೆ.

ಬೀದರ ಪಟ್ಟಣದ ಸುತ್ತ ಬೇರೆ ಕಥೆ. ಅಲ್ಲಿ ಜಂಬಿಟ್ಟಿಗೆಯ ಕೆಂಪು ನೆಲ. ನೀರು ಬೇಗ ಇಂಗುತ್ತದೆ, ಅರ್ಧ ತಾಸಿನಲ್ಲಿ ಕೂರುವ ಹಾಗಾಗುತ್ತದೆ. ಆದರೆ ಕೋಟೆ ಕಡೆಯ ಹಳೆಯ ಕಲ್ಲು ಮೆಟ್ಟಿಲುಗಳ ಮೇಲೆ ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ, ಕತ್ತಲಲ್ಲಿ ಹುಷಾರು. ಔರಾದ, ಭಾಲ್ಕಿ ಕಡೆ ಹೋದರೆ ಮತ್ತೆ ಎರೆಯೇ. ಯಾದಗಿರಿ ಜಿಲ್ಲೆಯಲ್ಲಿ ಎರೆ, ಮಸಾರಿ ಎರಡೂ ಕಲಸಿಕೊಂಡಿವೆ. ಒಂದೇ ಊರಿನ ಆ ಕಡೆ ಹೊಲ ಕರಿ, ಈ ಕಡೆ ಹೊಲ ಕೆಂಪು. ಅಲ್ಲಿಯವರನ್ನು ಕೇಳಿಯೇ ತಿಳಿಯಬೇಕು.

ಫರಸಿ ಹಾಸಿದ ಗುಡಿ ಅಂಗಳ, ಮಠದ ಆವರಣ, ದರ್ಗಾದ ಸುತ್ತಲಿನ ಜಾಗ ಇದ್ದರೆ ಅರ್ಧ ಚಿಂತೆ ಮುಗಿಯಿತು. ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಕಲ್ಲು ನಮ್ಮಲ್ಲಿ ಎಲ್ಲ ಕಡೆ ಹಾಸಿರುತ್ತಾರೆ, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು. ಒಂದೇ ರಾತ್ರಿ ಎರಡು ಕಡೆ ಕಾರ್ಯಕ್ರಮ ಇದ್ದು, ಒಂದು ಫರಸಿ ಮೇಲೆ, ಇನ್ನೊಂದು ಹೊಲದ ಬಯಲಲ್ಲಿ ಅಂದರೆ, ಹಾಡುವವರು ಯಾರು ಅಂತ ನೋಡುವ ಮೊದಲು ಹಿಂದಿನ ದಿನದ ಮಳೆ ಎಷ್ಟು ಅಂತ ನೋಡಿ.

ಕಾಲಿಗೆ ಏನು ಹಾಕಬೇಕು

ಗಮ್‌ಬೂಟ್ ಬೇಡ. ಅದು ಗದ್ದೆಯ ಕೆಸರಿಗೆ ಸರಿ. ಎರೆ ಅದನ್ನು ಕಚ್ಚಿ ಹಿಡಿಯುತ್ತದೆ, ಎಳೆದರೆ ಕಾಲು ಮಾತ್ರ ಹೊರಗೆ ಬರುತ್ತದೆ. ಹವಾಯಿ ಚಪ್ಪಲಿಯೂ ಬೇಡ. ಉಂಗುಟ ಕಿತ್ತು ಹೋಗುವುದು ಒಂದು ಕಡೆ, ನಡೆದಾಗ ಬೆನ್ನಿನ ತನಕ ರಾಡಿ ಸಿಡಿಸುವುದು ಇನ್ನೊಂದು ಕಡೆ. ಬಿಳಿ ಅಂಗಿಯವರ ಹಿಂಭಾಗ ನೋಡಿದರೆ ಗೊತ್ತಾಗುತ್ತೆ ಯಾರು ಹವಾಯಿ ಹಾಕಿ ಬಂದಿದ್ದಾರೆ ಅಂತ. ಚರ್ಮದ ಚಪ್ಪಲಿ, ಕ್ಯಾನ್ವಾಸ್ ಶೂ ಎರಡೂ ಆ ರಾತ್ರಿಗೇ ಹಾಳು.

ಸರಿಯಾದದ್ದು ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಯಾಂಡಲ್. ಅಡಿ ಆದಷ್ಟು ನುಣುಪಾಗಿರಲಿ. ಆಳವಾದ ಗೆರೆ ಇದ್ದರೆ ಜಾರುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎರೆಯಲ್ಲಿ ಆ ಗೆರೆಗಳಲ್ಲೇ ಮಣ್ಣು ತುಂಬಿ ಗಟ್ಟಿಯಾಗಿ ಕೂರುತ್ತದೆ. ಬೀದರದ ಪಾಚಿ ಕಲ್ಲಿಗಾದರೆ ಉಲ್ಟಾ, ಅಲ್ಲಿ ಗೆರೆ ಇರುವುದೇ ಬೇಕು.

ಬರಿಗಾಲಲ್ಲಿ ಹೋದರೆ ಹೇಗೆ? ಹೊಲದಲ್ಲಿ ರೈತರು ಹಾಗೇ ನಡೆಯುತ್ತಾರೆ, ಅದೇ ಸುಲಭವೂ ಹೌದು. ಆದರೆ ಪೆಂಡಾಲ್ ಹಾಕಿದ ಜಾಗದಲ್ಲಿ ಮೊಳೆ, ತಂತಿ ಚೂರು, ಒಡೆದ ಬಾಟಲಿ, ಜಾಲಿ ಮುಳ್ಳು ಎಲ್ಲವೂ ರಾಡಿಯ ಕೆಳಗೆ ಇರುತ್ತವೆ. ಬೇಡ.

ನಡೆಯುವಾಗ ಟ್ರ್ಯಾಕ್ಟರ್ ಹೋದ ಗಾಲಿ ಜಾಡು ಹಿಡಿಯಬೇಡಿ. ಗರಿಕೆ ಬೆಳೆದ ಅಂಚು, ಬದುವಿನ ಮೇಲೆ ಹೋಗಿ. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಿರಲಿ. ಕೈಯಲ್ಲಿ ಒಂದು ಕಡ್ಡಿ ಇದ್ದರೆ ಅಲ್ಲಲ್ಲಿ ನಿಂತು ಅಡಿಯ ಮಣ್ಣು ಕೆರೆದುಕೊಳ್ಳಬಹುದು. ಟಾರ್ಚ್ ಮರೆಯಬೇಡಿ. ಬಿಲಗಳಲ್ಲಿ ನೀರು ತುಂಬಿದಾಗ ಹಾವು ಒಣ ಬದು ಹುಡುಕಿಕೊಂಡು ಬರುತ್ತವೆ. ಅಕಸ್ಮಾತ್ ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಮಾಡದೆ 108ಕ್ಕೆ ಫೋನ್ ಮಾಡಿ ಸೀದಾ ಸರ್ಕಾರಿ ಆಸ್ಪತ್ರೆಗೆ.

ಮೈಗೆ ಮತ್ತು ಕೂರಲಿಕ್ಕೆ

ಜೀನ್ಸ್ ಬಿಟ್ಟು ಏನಾದರೂ ಹಾಕಿ. ನೆನೆದ ಜೀನ್ಸ್ ಬೆಳಗಿನ ತನಕ ಒಣಗುವುದಿಲ್ಲ. ಮೊಣಕಾಲ ತನಕ ಮಡಚಲು ಬರುವ ತೆಳು ಪ್ಯಾಂಟ್, ಲುಂಗಿ, ಧೋತರ ಒಳ್ಳೆಯದು. ಸೀರೆಯವರು ಎರಡು ಬೆರಳು ಮೇಲಕ್ಕೇ ಉಟ್ಟುಕೊಂಡು ಹೊರಡಿ. ಅಲ್ಲಿಗೆ ಹೋಗಿ ಎತ್ತಿ ಹಿಡಿಯುತ್ತಾ ನಡೆದರೆ ಎರಡೂ ಕೈ ಅದಕ್ಕೇ ಬೇಕಾಗುತ್ತವೆ. ರೇನ್‌ಕೋಟ್ ಇದ್ದರೆ ಸರಿ. ಇಲ್ಲದಿದ್ದರೆ ನಮ್ಮ ಹಳೆಯ ಗೋಣಿ ಚೀಲದ ಕೊಪ್ಪೆಗೆ ಏನಾಗಿದೆ? ಈಗ ಯೂರಿಯಾ ಚೀಲವೂ ಅದೇ ಕೆಲಸ ಮಾಡುತ್ತದೆ. ಒಂದು ಮೂಲೆಯನ್ನು ಇನ್ನೊಂದರೊಳಗೆ ದಬ್ಬಿದರೆ ತಲೆಯಿಂದ ಸೊಂಟದ ತನಕ ಮುಚ್ಚುತ್ತದೆ. ಮೊದಲೇ ಚೆನ್ನಾಗಿ ತೊಳೆದಿರಬೇಕು, ಗೊಬ್ಬರದ ಪುಡಿ ಉಳಿದಿದ್ದರೆ ಕುತ್ತಿಗೆ ಉರಿಯುತ್ತದೆ.

ಛತ್ರಿ ಬೇಡ ಅಂದದ್ದು ಇದಕ್ಕೆ. ಕೂತ ಜನರ ನಡುವೆ ಛತ್ರಿ ಬಿಚ್ಚಿದರೆ ಹಿಂದಿನ ನಾಲ್ಕು ಸಾಲಿಗೆ ವೇದಿಕೆ ಕಾಣುವುದಿಲ್ಲ. ಕಡ್ಡಿಯಿಂದ ಇಳಿದ ನೀರು ಪಕ್ಕದವರ ಮಡಿಲಿಗೆ. "ಏ ತಮ್ಮಾ, ಛತ್ರಿ ಮುಚ್ಚು, ಹಿಂದ ಕುಂತೋರಿಗಿ ಕಾಣಲ್ಲ" ಅಂತ ಯಾರೋ ಮುತ್ಯಾ ಅಂದೇ ಅನ್ನುತ್ತಾರೆ. ಅನ್ನಿಸಿಕೊಳ್ಳುವುದು ಯಾಕೆ?

ಕೂರಲು ಒಂದು ತಾಡಪತ್ರಿ ತುಂಡು, ಅದರ ಮೇಲೆ ಹಳೆಯ ಜಮಖಾನ. ತಾಡಪತ್ರಿ ಉದ್ದ ಇದ್ದರೆ ಕೂತ ಮೇಲೆ ಉಳಿದ ಭಾಗವನ್ನು ಬೆನ್ನಿಗೆ ಎಳೆದುಕೊಳ್ಳಬಹುದು. ಪ್ಲಾಸ್ಟಿಕ್ ಕುರ್ಚಿ ನಂಬಬೇಡಿ. ನೆನೆದ ಎರೆಯಲ್ಲಿ ಅದರ ಕಾಲು ಒಂದೊಂದು ಒಂದೊಂದು ಕಡೆ ಇಳಿಯುತ್ತದೆ. ಸರ್ಕಾರಿ ಕಾರ್ಯಕ್ರಮದ ಮುಂದಿನ ಸಾಲಿನಲ್ಲಿ ಈ ತಮಾಷೆ ನೋಡಲು ಸಿಗುತ್ತದೆ. ಅಂದ ಹಾಗೆ ಮಳೆಯಿಂದ ಒಂದು ಉಪಕಾರ ಇದೆ, ಹಾಡಿಗೆ ಮುಂಚಿನ ಭಾಷಣಗಳು ಬೇಗ ಮುಗಿಯುತ್ತವೆ.

ಚೀಲದಲ್ಲಿ ಇನ್ನು ಜಾಸ್ತಿ ಏನೂ ಬೇಕಿಲ್ಲ. ಒಂದು ಟವೆಲ್. ಗಾಡಿಯಲ್ಲಿ ಒಂದು ಜೊತೆ ಒಣ ಬಟ್ಟೆ. ಫೋನಿಗೆ ಬಾಯಿ ಮುಚ್ಚುವ ಪ್ಲಾಸ್ಟಿಕ್ ಕವರ್. ಹತ್ತು, ಇಪ್ಪತ್ತರ ನೋಟುಗಳು, ಯಾಕೆಂದರೆ ಜನ ಸೇರಿದ ಕಡೆ ನೆಟ್‌ವರ್ಕ್ ಹೋಗುತ್ತದೆ, ಚಹಾದವನಿಗೆ ಫೋನ್‌ಪೇ ಆಗುವುದಿಲ್ಲ. ಬುತ್ತಿ ಕಟ್ಟುವುದಾದರೆ ಕಟಕ ರೊಟ್ಟಿ ಈ ಹವೆಗೆ ಮೆತ್ತಗಾಗಿ ಬಿಡುತ್ತದೆ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ. ಮೆತ್ತಗಿನ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಆದರೆ ಈ ತಾಪತ್ರಯವೇ ಇಲ್ಲ. ಮಿರ್ಚಿ ಭಜಿ ಅಲ್ಲೇ ಸಿಗುತ್ತದೆ. ಎಣ್ಣೆಯಿಂದ ಎದ್ದದ್ದನ್ನು ಮಾತ್ರ ತಿನ್ನಿ, ತಟ್ಟೆಯಲ್ಲಿ ಹರಡಿಟ್ಟದ್ದನ್ನಲ್ಲ.

ಹೆಣ್ಣುಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಒಂದು ಮಾತು. ಕೂರುವ ಜಾಗ ಹುಡುಕುವ ಮೊದಲು ಶೌಚಾಲಯ ಎಲ್ಲಿದೆ, ಅಲ್ಲಿಗೆ ದಾರಿ ಹೇಗಿದೆ ನೋಡಿ. ಬೆಳಕಿದ್ದಾಗಲೇ ನೋಡಿ. ಶಾಲೆ, ಬಸ್ ನಿಲ್ದಾಣ, ಪರಿಚಯದವರ ಮನೆ, ಏನಾದರೂ ಒಂದು ಗೊತ್ತಿರಲಿ. ಮಳೆ ಬಂದ ಮೇಲೆ ಬಯಲಿಗೆ ಹೋಗುವುದು ಆಗದ ಮಾತು. ಎಷ್ಟೋ ಹೆಣ್ಣುಮಕ್ಕಳು ಒಳ್ಳೆಯ ಹಾಡು ಶುರುವಾಗುವ ಮುಂಚೆಯೇ ಎದ್ದು ಹೋಗುವುದು ಮಳೆಗಲ್ಲ, ಇದಕ್ಕೆ.

ಗಾಡಿ ನಿಲ್ಲಿಸುವಾಗ

ಡಾಂಬರು ಅಥವಾ ಗರಸು ಹಾಕಿದ ಜಾಗ ಬಿಟ್ಟು ಒಳಗೆ ಹೋಗಬೇಡಿ. ಅರ್ಧ ಕಿಲೋಮೀಟರ್ ನಡೆದರೂ ಚಿಂತೆಯಿಲ್ಲ. ಬೈಕಿನ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲು ಇಡಿ, ಇಲ್ಲದಿದ್ದರೆ ನೀವು ಹಾಡು ಕೇಳುವಾಗ ಗಾಡಿ ಮಲಗಿರುತ್ತದೆ, ಅದರ ಜೊತೆ ಪಕ್ಕದ ನಾಲ್ಕು. ಎರೆ ದಾರಿಯಲ್ಲಿ ಬೈಕ್ ಓಡಿಸಿದರೆ ಮಡ್‌ಗಾರ್ಡ್ ಮತ್ತು ಗಾಲಿ ನಡುವೆ ಮಣ್ಣು ಗಿಡಿದು ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಎಕ್ಸಲರೇಟರ್ ಕೊಟ್ಟು ಪ್ರಯೋಜನವಿಲ್ಲ, ಇಳಿದು ಕಡ್ಡಿಯಿಂದ ಕೆರೆಯಬೇಕು.

ಕಾರನ್ನು ಮೂತಿ ಹೊರಗೆ ಮಾಡಿ ನಿಲ್ಲಿಸಿ. ಹೂತರೆ ಗಾಲಿ ಗರ್ರ್ ಅನ್ನಿಸಬೇಡಿ, ಇನ್ನೂ ಇಳಿಯುತ್ತದೆ. ಗಾಲಿಯ ಮುಂದೆ ಗೋಣಿ ಚೀಲ, ತೊಗರಿ ಕಟಗಿ, ಜೋಳದ ದಂಟು ಏನು ಸಿಗುತ್ತೋ ಅದನ್ನು ತುರುಕಿ ಮೆಲ್ಲಗೆ ತೆಗೆಯಿರಿ. ಅದಕ್ಕೂ ಬರದಿದ್ದರೆ ಟ್ರ್ಯಾಕ್ಟರ್‌ನವರನ್ನು ಕರೆಯುವುದೇ ಬುದ್ಧಿವಂತಿಕೆ.

ಬಸ್ಸಿಗೆ ಬಂದವರು ಕೊನೆಯ ಬಸ್ ಎಷ್ಟಕ್ಕೆ ಅಂತ ಮೊದಲೇ ಕೇಳಿಕೊಳ್ಳಿ. ಟಂಟಂನವರು ಮಳೆಯಲ್ಲಿ ಎರೆ ದಾರಿಗೆ ಇಳಿಯಲು ಒಪ್ಪುವುದಿಲ್ಲ, ಡಾಂಬರಿನ ತನಕ ನೀವೇ ನಡೆಯಬೇಕು. ಭೀಮಾ, ಕಾಗಿಣಾ, ಮಾಂಜ್ರಾ ದಂಡೆಯ ಊರುಗಳಿಗೆ ಹೋಗುವುದಾದರೆ ದಾರಿಯಲ್ಲಿ ಹಳ್ಳ ಎಷ್ಟು ಸಿಗುತ್ತವೆ ಅಂತ ನೋಡಿ. 2020ರ ಅಕ್ಟೋಬರಿನಲ್ಲಿ ಭೀಮಾ ಬಂದದ್ದನ್ನು ಈ ಕಡೆಯವರು ಮರೆತಿಲ್ಲ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಆಳ ಎಷ್ಟೇ ಕಡಿಮೆ ಕಾಣಲಿ, ದಾಟಬೇಡಿ. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಿ ತಳ್ಳಬಲ್ಲದು. ರಾತ್ರಿ ಅದೇ ಊರಲ್ಲಿ ಉಳಿದರಾಯಿತು. ಭಜನೆ ನಡೆಯುವ ಊರಲ್ಲಿ ಮಲಗಲು ಜಾಗ ಇಲ್ಲ ಅಂತ ಯಾರೂ ಹೇಳುವುದಿಲ್ಲ.

ಎಲ್ಲಿ ಕೂರಬೇಕು

ಪೆಂಡಾಲಿನ ಒಳಗೆ ಹೋದ ಕೂಡಲೇ ಮೇಲೆ ನೋಡಿ. ಬಟ್ಟೆ ಎಲ್ಲಿ ಜೋಲು ಬಿದ್ದಿದೆಯೋ ಅದರ ಕೆಳಗೆ ಕೂರಬೇಡಿ. ಅಲ್ಲಿ ನೀರು ತುಂಬುತ್ತದೆ. ಯಾರೋ ಹುಮ್ಮಸ್ಸಿನಿಂದ ಬಿದಿರು ಕೋಲು ತಂದು ತಿವಿಯುತ್ತಾರೆ, ನಾಲ್ಕು ಕೊಡ ಒಮ್ಮೆಗೇ ಸುರಿಯುತ್ತದೆ. ಅಂಚಿನಲ್ಲೂ ಬೇಡ, ಎರಚಲು ಹೊಡೆಯುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬರುವುದರಿಂದ ಪೂರ್ವದ ಕಡೆಯ ಅರ್ಧದಲ್ಲಿ ಎರಚಲು ಸ್ವಲ್ಪ ಕಡಿಮೆ. ಗುಡುಗು ಮಳೆಯ ಗಾಳಿಗೆ ಈ ನಿಯಮ ಇಲ್ಲ, ಅದು ಯಾವ ಕಡೆಯಿಂದಲೂ ಬೀಸುತ್ತದೆ.

ತಗಡಿನ ಶೆಡ್ ಆದರೆ ಮೈ ನೆನೆಯುವುದಿಲ್ಲ, ಆದರೆ ಮಳೆಯ ಸದ್ದಿಗೆ ಹಾಡೇ ಕೇಳುವುದಿಲ್ಲ. ಅಲ್ಲಿ ಹಾಡುವವರ ಹತ್ತಿರ ಹೋಗಿ ಕೂರುವುದೊಂದೇ ದಾರಿ. ದೂರದಲ್ಲಿ ಕೂತು ಸ್ಪೀಕರ್ ನಂಬಿದರೆ ಇನ್ನೊಂದು ತೊಂದರೆ. ನೂರು ಮೀಟರ್ ಹಿಂದೆ ಕೂತವರಿಗೆ ತಬಲದ ಪೆಟ್ಟು ಸುಮಾರು ಮೂರನೇ ಒಂದು ಸೆಕೆಂಡ್ ತಡವಾಗಿ ಕೇಳುತ್ತದೆ. ಕೈ ನೋಡಿದರೆ ಒಂದು ತಾಳ, ಕಿವಿಗೆ ಇನ್ನೊಂದು. ಅಷ್ಟು ದೂರ ಕೂತರೆ ಕಣ್ಣು ಮುಚ್ಚಿ ಕೇಳುವುದೇ ಸುಖ.

ಸ್ಪೀಕರ್ ಡಬ್ಬಿ, ಜನರೇಟರ್, ನೆಲದ ಮೇಲೆ ಎಳೆದ ವೈರ್, ಲೈಟ್ ಕಟ್ಟಿದ ಕಬ್ಬಿಣದ ಕಂಬ ಇವುಗಳಿಂದ ದೂರ ಇರಿ. ಮಕ್ಕಳನ್ನು ಆ ಕಡೆ ಬಿಡಲೇಬೇಡಿ. ನೀರಲ್ಲಿ ವೈರಿನ ಜಾಯಿಂಟ್ ಬಿದ್ದಿದ್ದು ಕಂಡರೆ ಸುಮ್ನೆ ಇರಬೇಡಿ, ಸೌಂಡಿನವರಿಗೆ ಹೇಳಿ. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬಾರದು, ಮೊದಲು ಮೇನ್ ಆಫ್ ಮಾಡಿಸಬೇಕು.

ಗುಡುಗಿದರೆ

ಇದರಲ್ಲಿ ಮಾತ್ರ ಧೈರ್ಯ ತೋರಿಸಬೇಡಿ. ಮೇ ತಿಂಗಳಲ್ಲೂ, ಸೆಪ್ಟೆಂಬರ್ ಅಕ್ಟೋಬರಿನಲ್ಲೂ ಸಂಜೆಯ ಮಳೆ ಸಿಡಿಲಿನ ಜೊತೆಗೇ ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವ ಮುಂಚೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೆ ಇದೆ, ಏಳಬೇಕು. ಶಾಲೆ, ಗುಡಿ, ಆರ್‌ಸಿಸಿ ಕಟ್ಟಡ, ಇಲ್ಲವೇ ಬಾಗಿಲು ಹಾಕಿದ ಬಸ್ಸು, ಕಾರು. ಬಟ್ಟೆಯ ಪೆಂಡಾಲ್ ರಕ್ಷಣೆ ಅಲ್ಲ. ಬಯಲಲ್ಲಿ ಒಂಟಿಯಾಗಿ ನಿಂತ ಬೇವಿನ ಮರ, ಹುಣಸೆ ಮರ ಅಂತೂ ಅಲ್ಲವೇ ಅಲ್ಲ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆದ ಮೇಲೆ ವಾಪಸ್ ಬನ್ನಿ. ಪುಣೆಯ ಹವಾಮಾನ ಸಂಸ್ಥೆ ಮಾಡಿದ ದಾಮಿನಿ ಅನ್ನುವ ಆ್ಯಪ್ ಫೋನಿನಲ್ಲಿದ್ದರೆ ಸುತ್ತ 20, 40 ಕಿಲೋಮೀಟರಿನಲ್ಲಿ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತದೆ.

ಮಳೆ ನಿಂತ ಮೇಲೆ ಎದ್ದು ಹೋಗಬೇಡಿ

ಈ ಎಲ್ಲ ತಯಾರಿ ಇರುವುದೇ ಇದಕ್ಕೆ. ಮಳೆ ಬಂದಾಗ ಅರ್ಧ ಜನ ಎದ್ದು ಹೋಗುತ್ತಾರೆ. ಉಳಿದವರು ಹಾಡು ಬೇಕಾದವರು. ವೇದಿಕೆಯವರೂ ಅದನ್ನು ನೋಡುತ್ತಾರೆ. "ಮುಂದ ಬರ್ರಿ, ಹತ್ರ ಕೂಡ್ರಿ" ಅನ್ನುತ್ತಾರೆ. ಮೈಕ್ ಕೈ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಬಾಯಿ ಹಾಡು, ಏಕತಾರಿ, ದಮ್ಮಡಿ, ತಾಳ ಇಷ್ಟೇ ಉಳಿಯುತ್ತವೆ. ತತ್ವಪದಕ್ಕೆ ಅಷ್ಟು ಸಾಕು, ಅದು ಮೈಕಿಗಾಗಿ ಹುಟ್ಟಿದ್ದಲ್ಲ.

ಆದರೆ ಕೂಡಲೇ ಶುರುವಾಗುವುದಿಲ್ಲ, ತಾಳ್ಮೆ ಬೇಕು. ತಂಪು ಹಿಡಿದರೆ ತಬಲ, ಢೋಲಕದ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ. ತಬಲದವರು ಸುತ್ತಿಗೆ ಹಿಡಿದು ಗಟ್ಟಾ (ಪಕ್ಕದ ಕಟ್ಟಿಗೆ ತುಂಡು) ಬಡಿಯುತ್ತಾ, ಹಾರ್ಮೋನಿಯಂ ಸ್ವರಕ್ಕೆ ಕಿವಿ ಕೊಟ್ಟು ಮತ್ತೆ ಬಡಿಯುತ್ತಾ ಕೂರುತ್ತಾರೆ. ಹಾರ್ಮೋನಿಯಂನ ಕಟ್ಟಿಗೆಯೂ ಉಬ್ಬಿ ಒಂದೆರಡು ಮನೆ (ಕೀ) ಒತ್ತಿದರೆ ಮೇಲೇಳುವುದಿಲ್ಲ. ಹಲಿಗೆಯವರು ಕಸ ಕಡ್ಡಿ ಒಟ್ಟಿ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಾರೆ, ಮಧ್ಯೆ ಮಧ್ಯೆ ಬೆರಳಿನಿಂದ ಬಡಿದು ನೋಡುತ್ತಾರೆ. ಆ ಬೆಂಕಿಯ ಸುತ್ತ ನೀವೂ ಹೋಗಿ ಕೈ ಕಾಯಿಸಿಕೊಳ್ಳಿ. ಬೇಗ ಶುರು ಮಾಡ್ರಿ ಅಂತ ಕೂಗಬೇಡಿ. ಸ್ವರ ಕೂಡದೆ ಹಾಡಿದರೆ ಕೇಳುವವರಿಗೇ ನಷ್ಟ ಅಲ್ವಾ?

ಕೆಲವು ಸಲ ಕಾರ್ಯಕ್ರಮ ರದ್ದಾಯಿತು ಅಂತ ಮೈಕಿನಲ್ಲಿ ಹೇಳಿಬಿಡುತ್ತಾರೆ. ಆಗಲೂ ಅವಸರ ಬೇಡ. ಭಜನೆಯವರು ಎಲ್ಲಿಗೆ ಹೋಗುತ್ತಾರೆ ನೋಡಿ. ಗುಡಿಯ ಪಡಸಾಲೆಯಲ್ಲೋ ಶಾಲೆಯ ಕಟ್ಟೆಯ ಮೇಲೋ ಪೆಟ್ಟಿಗೆ ಬಿಚ್ಚುತ್ತಾರೆ. ದೂರದ ಊರಿಂದ ಬಂದ ಮೇಳ ಬೆಳಗಿನ ತನಕ ಹೊರಡಲು ಆಗುವುದಿಲ್ಲವಲ್ಲ, ಬೇರೆ ಏನು ಮಾಡುತ್ತಾರೆ? ಅಲ್ಲಿ ಹೋಗಿ ಒಂದು ಮೂಲೆ ಹಿಡಿದು ಕೂತರೆ, ನಿಮಗೆ ಬೇಕಾದ ಪದ ಕೇಳುವ ಸಲಿಗೆಯೂ ಸಿಗುತ್ತದೆ. ಚಪ್ಪಲಿ ಹೊರಗೆ ಬಿಡಿ, ಕಾಲು ತೊಳೆದು ಒಳಗೆ ಬನ್ನಿ. ರಾಡಿ ಕಾಲಲ್ಲಿ ಜಮಖಾನ ತುಳಿದವರಿಗೆ ಯಾವ ಊರಲ್ಲೂ ಮರ್ಯಾದೆ ಇಲ್ಲ. ಚಪ್ಪಲಿಯನ್ನು ಒಂದು ಕವರಿನಲ್ಲಿ ಹಾಕಿ ಪಕ್ಕದಲ್ಲಿಟ್ಟುಕೊಂಡರೆ ಬೆಳಿಗ್ಗೆ ಒಂದೇ ಬಣ್ಣಕ್ಕೆ ತಿರುಗಿದ ಇನ್ನೂರು ಜೊತೆಯಲ್ಲಿ ಹುಡುಕುವುದು ತಪ್ಪುತ್ತದೆ.

ಊರಲ್ಲಿ ಕಾರ್ಯಕ್ರಮ ಮಾಡಿಸುವವರು ಇದನ್ನು ಓದುತ್ತಿದ್ದರೆ ಒಂದೇ ವಿನಂತಿ. ಪೆಂಡಾಲಿನ ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿಸಿ, ರಸ್ತೆಯಿಂದ ಪೆಂಡಾಲಿನ ತನಕ ಗರಸು ಹಾಕಿಸಿ. ಒಡೆದ ಫರಸಿ ತುಂಡುಗಳಾದರೂ ನಡೆಯುತ್ತದೆ. ಹುಲ್ಲು, ಮೇವು ಹಾಸಿದರೆ ಮೊದಲ ತಾಸು ಚೆಂದ, ಆಮೇಲೆ ಅದೂ ರಾಡಿಯ ಜೊತೆ ಕಲಸಿಕೊಂಡು ಇನ್ನೂ ಕೆಟ್ಟದಾಗುತ್ತದೆ. ದನಗಳ ಹೊಟ್ಟೆಗೆ ಹೋಗುವ ಮೇವು ದಂಡ.

ಮರುದಿನ

ಎರೆ ಮೆತ್ತಿದ ಬಟ್ಟೆಯನ್ನು ಹಸಿ ಇದ್ದಾಗ ಉಜ್ಜಬೇಡಿ, ಕಲೆ ಒಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಡಿ. ಒಣಗಿದ ಎರೆ ತಾನಾಗಿ ಬಿರುಕು ಬಿಡುತ್ತದೆ, ಝಾಡಿಸಿದರೆ ಮುಕ್ಕಾಲು ಉದುರುತ್ತದೆ. ಉಳಿದದ್ದಕ್ಕೆ ತಣ್ಣೀರು, ಸಾಬೂನು. ಬೀದರದ ಕೆಂಪು ಮಣ್ಣು ಇಷ್ಟು ಸುಲಭಕ್ಕೆ ಬಿಡುವುದಿಲ್ಲ, ಬಿಳಿ ಬಟ್ಟೆಯ ಆಸೆ ಬಿಟ್ಟುಬಿಡಿ. ಕಾಲ್ಬೆರಳ ಸಂದು ಚೆನ್ನಾಗಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ವಾರದೊಳಗೆ ಕೆಸರುಹುಣ್ಣು. ಫೋನಿಗೆ ನೀರು ಹೋಗಿದ್ದರೆ ಆಫ್ ಮಾಡಿ, ಒರೆಸಿ, ಗಾಳಿಗೆ ಇಡಿ. ಚಾರ್ಜಿಗೆ ಹಾಕಬೇಡಿ, ಅಕ್ಕಿ ಡಬ್ಬಿಯಲ್ಲೂ ಹೂಳಬೇಡಿ, ಅಕ್ಕಿಯ ಹಿಟ್ಟು ಚಾರ್ಜರ್ ತೂತಿನಲ್ಲಿ ಕೂರುತ್ತದೆ. ಬೈಕಿನ ಚೈನ್ ತೊಳೆದು ಎಣ್ಣೆ ಬಿಡಿ. ತಾಡಪತ್ರಿಯನ್ನು ಮಾತ್ರ ಮಡಚಿ ಅಟ್ಟಕ್ಕೆ ಹಾಕುವ ಅವಸರ ಬೇಡ, ಹಸ್ತಾ, ಚಿತ್ತಾ ಮಳೆ ಇನ್ನೂ ಬಾಕಿ ಇರುತ್ತವೆ, ದಸರೆಯ ಕಾರ್ಯಕ್ರಮಗಳೂ.